ನಿಂತು ದುಡಿಯುವ ಕಾಲು

ನಾವು ನಿಂತು ದುಡಿಯುವ ಜನ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ನಿಂತು ತರಕಾರಿ ಮಾರುತ್ತೇವೆ. ಹಲಸೂರಿನಲ್ಲಿ ನಿಂತು ಬಟ್ಟೆಗೆ ಇಸ್ತ್ರಿ ಹಾಕುತ್ತೇವೆ. ಇಂದಿರಾನಗರದ ಅಂಗಡಿಗಳಲ್ಲಿ ನಿಂತು ಸೀರೆ ತೋರಿಸುತ್ತೇವೆ. ಕೆ.ಆರ್. ಪುರದ ಬಸ್ಸಿನಲ್ಲೂ ನಿಂತೇ ಮನೆಗೆ ಬರುತ್ತೇವೆ.

ಸಂಜೆಗೆ ಕಾಲು ಭಾರ. ಮೀನಖಂಡದಲ್ಲಿ ಸೆಳೆತ. ಕೆಲವರ ಕಾಲಿನಲ್ಲಿ ನೀಲಿ ಹಗ್ಗದ ಹಾಗೆ ಏನೋ ಉಬ್ಬಿರುತ್ತೆ. "ನರ ಸುತ್ತಿಕೊಂಡಿದೆ" ಅಂತೀವಿ. ಅದು ನರ ಅಲ್ಲ, ರಕ್ತನಾಳ. ಡಾಕ್ಟರು ಇದನ್ನು ವೆರಿಕೋಸ್ ವೇನ್ ಅನ್ನುತ್ತಾರೆ.

ಯಾಕೆ ಉಬ್ಬುತ್ತೆ?

ಕಾಲಿನ ರಕ್ತ ಹೃದಯಕ್ಕೆ ವಾಪಸ್ ಹೋಗಬೇಕು. ನಡೆಯುವಾಗ ಮೀನಖಂಡ ನಾಳವನ್ನು ಹಿಂಡುತ್ತೆ. ರಕ್ತ ಮೇಲಕ್ಕೆ ಹೋಗುತ್ತೆ. ನಾಳದೊಳಗೆ ಪುಟ್ಟ ಬಾಗಿಲುಗಳಿವೆ. ಮೇಲೇರಿದ ರಕ್ತ ಕೆಳಗೆ ಇಳಿಯದಂತೆ ಅವು ತಡೆಯುತ್ತವೆ. ಬಾಗಿಲು ಸಡಿಲವಾದರೆ ರಕ್ತ ಕೆಳಗೇ ನಿಲ್ಲುತ್ತೆ. ನಾಳ ಉಬ್ಬುತ್ತೆ. ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೂ ಬರಬಹುದು. ಬಸುರಿಯರಲ್ಲೂ ಕಾಣುತ್ತೆ.

ಜೇಡರ ಬಲೆಯಂಥ ಸಣ್ಣ ಎಳೆಗಳಿಂದ ಸಾಮಾನ್ಯವಾಗಿ ಅಪಾಯವಿಲ್ಲ. ದೊಡ್ಡ ನಾಳ ಉಬ್ಬಿದ್ದರೆ ಸುಮ್ಮನಿರಬಾರದು. ಕಣಕಾಲಿನ ಬಳಿ ಚರ್ಮ ಕಪ್ಪಾಗಬಹುದು. ಬೇಗ ಮಾಯದ ಹುಣ್ಣು ಆಗಬಹುದು.

ಇಂಜೆಕ್ಷನ್ ಏನು ಮಾಡುತ್ತೆ?

ಸಣ್ಣ ಸೂಜಿಯಿಂದ ನಾಳದೊಳಗೆ ಔಷಧಿ ಬಿಡುತ್ತಾರೆ. ಪಾಲಿಡೊಕನಾಲ್ ಅಂಥ ಒಂದು ಔಷಧಿ. ನಾಳದ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಾಳ ಮುಚ್ಚಿ, ವಾರಗಳು ಕಳೆದಂತೆ ಮಾಸುತ್ತೆ.

ಹಾಗಾದರೆ ರಕ್ತ ಎಲ್ಲಿ ಹೋಗುತ್ತೆ? ಕಾಲಿನ ಒಳಗೆ ಆಳದಲ್ಲಿ ಬೇರೆ ದೊಡ್ಡ ನಾಳಗಳಿವೆ. ರಕ್ತ ಅಲ್ಲಿ ಹರಿಯುತ್ತೆ. ಆ ನಾಳಗಳು ಚೆನ್ನಾಗಿರಬೇಕು. ಅದಕ್ಕೇ ಉಬ್ಬಿದ ನಾಳಕ್ಕೆ ಮೊದಲು ಡಾಪ್ಲರ್ ಸ್ಕ್ಯಾನ್ ಮಾಡುತ್ತಾರೆ. ಸ್ಕ್ಯಾನ್ ಇಲ್ಲದೆ ಸೂಜಿ ಚುಚ್ಚುವವರ ಹತ್ತಿರ ಹೋಗಬೇಡಿ. ಬಸುರಿಯರಿಗೆ ಈ ಇಂಜೆಕ್ಷನ್ ಕೊಡುವುದಿಲ್ಲ.

ಅವತ್ತೇ ನಡೆದು ಮನೆಗೆ ಬರಬಹುದು. ಬಿಗಿ ಕಾಲುಚೀಲ ಹಾಕಬೇಕು. ದಿನಾ ನಡೆಯಬೇಕು. ಕೆಲವು ಕಾಲ ಕಂದು ಕಲೆ ಉಳಿಯಬಹುದು. ಕೆಲವರಿಗೆ ಎರಡು ಮೂರು ಸಲ ಬೇಕಾಗುತ್ತೆ. ಮುಂದೆ ಬೇರೆ ನಾಳ ಉಬ್ಬಲೂಬಹುದು. ತುಂಬಾ ದೊಡ್ಡ ನಾಳಕ್ಕೆ ಲೇಸರ್ ಅಥವಾ ಆಪರೇಷನ್ ಬೇಕಾಗಬಹುದು.

ಶಿವಾಜಿನಗರದ ಬೌರಿಂಗ್ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ ಸರ್ಕಾರದ್ದೇ. ಮೊದಲು ಅಲ್ಲಿ ಕಾಲು ತೋರಿಸಿ, ಯಾವ ಚಿಕಿತ್ಸೆ ಬೇಕು ಅಂತ ಕೇಳಿ.

ನೆನಪಿಡಿ

ಉಬ್ಬಿದ ನಾಳ ಒಡೆದು ರಕ್ತ ಬಂದರೆ ಮಲಗಿ. ಕಾಲು ಮೇಲೆತ್ತಿ. ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಆಮೇಲೆ ಆಸ್ಪತ್ರೆಗೆ ಹೋಗಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವಾದರೆ, ಉಸಿರು ಕಟ್ಟಿದರೆ, ತಡ ಮಾಡಬೇಡಿ.

ಕೂರುವುದು ಸೋಮಾರಿತನ ಅಲ್ಲ. ಅಂಗಡಿ ಕೆಲಸದವರಿಗೆ ಕೂರಲು ಜಾಗ ಕೊಡಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಿದವು. ನಾವೂ ಮಾಲೀಕರನ್ನು ಒಟ್ಟಾಗಿ ಕೇಳೋಣ: "ಒಂದು ಸ್ಟೂಲ್ ಹಾಕಿಸಿ."

ಉತ್ತರ ಹೇಳಿ

1. ರಕ್ತನಾಳದ ಒಳಗಿನ ಬಾಗಿಲುಗಳ ಕೆಲಸ ಏನು?
2. ಇಂಜೆಕ್ಷನ್‌ಗೆ ಮೊದಲು ಸ್ಕ್ಯಾನ್ ಯಾಕೆ ಬೇಕು?
3. ನಿಮ್ಮ ಕೆಲಸದ ಜಾಗದಲ್ಲಿ ಕೂರಲು ಏನಿದೆ? ಎರಡು ಸಾಲು ಬರೆಯಿರಿ.