ಚಾರ್ಜ್ ನಿಲ್ಲದ ಫೋನು: ರಿಪೇರಿ ಟೇಬಲ್ಲಿನ ಪಾಠಗಳು

1. ಬ್ಯಾಟರಿ ಬದಲಿಸುವ ಮುಂಚೆ ಪಟ್ಟಿ ನೋಡಿ

ತೀರ್ಥಹಳ್ಳಿಯ ನನ್ನ ಅಂಗಡಿಗೆ ಬರುವವರು ಫೋನನ್ನು ಟೇಬಲ್ ಮೇಲಿಟ್ಟು ಹೇಳುವ ಮೊದಲ ಮಾತು, 'ಚಾರ್ಜೇ ನಿಲ್ತಾ ಇಲ್ಲ, ಬೇರೆ ಬ್ಯಾಟರಿ ಹಾಕಿಕೊಡಿ.' ನಾನು ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಬಳಕೆಯ ಪಟ್ಟಿ ತೆರೆದು ಅವರ ಕಡೆಗೆ ತಿರುಗಿಸುತ್ತೇನೆ. ಪರದೆಯ ಮೇಲೆ ಹತ್ತು ನಿಮಿಷ, ಹಿನ್ನೆಲೆಯಲ್ಲಿ ಆರು ಗಂಟೆ ಎಂದು ತೋರಿಸುವ ಆ್ಯಪ್ ಇದ್ದರೆ ಕಳ್ಳ ಸಿಕ್ಕಿದ ಹಾಗೇ. ಆದರೆ ಫೋನಿನ ಬೆನ್ನು ಉಬ್ಬಿದ್ದರೆ, ನಲವತ್ತು ಪರ್ಸೆಂಟ್ ಇರುವಾಗಲೇ ಫೋನು ಏಕಾಏಕಿ ಆಫ್ ಆಗುತ್ತಿದ್ದರೆ, ಸೆಲ್ಲೇ ಸೋತಿರುತ್ತದೆ. ಉಬ್ಬಿದ ಬ್ಯಾಟರಿಯನ್ನು ಒಂದು ದಿನವೂ ಬಳಸಬೇಡಿ.

2. 'ಅನುಮತಿಸಿ' ಒತ್ತುವ ಮುಂಚೆ ಓದಿ

ಪರದೆ ಆಫ್ ಆದಾಗ ಪ್ರೊಸೆಸರ್ ಕೂಡ ಮಲಗಬೇಕು. 2015ರ ಆಂಡ್ರಾಯ್ಡ್ 6ರಲ್ಲಿ ಗೂಗಲ್ 'ಡೋಜ್' ಎಂಬ ವ್ಯವಸ್ಥೆ ತಂದಿತು. ಸುಮ್ಮನೆ ಬಿದ್ದಿರುವ ಫೋನಿನಲ್ಲಿ ಆ್ಯಪ್‌ಗಳು ಆಗಾಗ ಎದ್ದು ಇಂಟರ್ನೆಟ್ ಕೇಳದಂತೆ ಅದು ತಡೆದು, ಎಲ್ಲರಿಗೂ ಒಟ್ಟಿಗೇ ಸ್ವಲ್ಪ ಹೊತ್ತು ಬಿಡುವು ಕೊಡುತ್ತದೆ. ಈ ತಡೆಯಿಂದ ತಪ್ಪಿಸಿಕೊಳ್ಳಲು ಆ್ಯಪ್‌ಗೆ ನಿಮ್ಮ ಒಪ್ಪಿಗೆ ಬೇಕು. ಅವಸರದಲ್ಲಿ ಒತ್ತಿದ 'ಅನುಮತಿಸಿ' ಎಂದರೆ ಅದೇ.

ಲೊಕೇಶನ್ ವಿಷಯವೂ ಹೀಗೇ. ಒಬ್ಬ ಅಡಿಕೆ ಬೆಳೆಗಾರರ ಫೋನಿನಲ್ಲಿ ಧಾರಣೆ ತೋರಿಸುವ ಆ್ಯಪ್‌ಗೆ 'ಯಾವಾಗಲೂ' ಎಂದು ಲೊಕೇಶನ್ ಕೊಟ್ಟಿತ್ತು. ಧಾರಣೆ ಹೇಳಲು ಅವರು ತೋಟದಲ್ಲಿದ್ದಾರೋ ಮನೆಯಲ್ಲಿದ್ದಾರೋ ಎಂಬುದು ಅದಕ್ಕೇಕೆ? 'ಆ್ಯಪ್ ಬಳಸುವಾಗ ಮಾತ್ರ' ಎಂದು ಬದಲಿಸಿ ಕಳಿಸಿದೆ. ಬ್ಯಾಟರಿಯ ದುಡ್ಡು ಉಳಿಯಿತು.

3. ಸಿಗ್ನಲ್ ಇಲ್ಲದ ಊರಿನ ಲೆಕ್ಕ ಬೇರೆ

ಪೇಟೆಯಲ್ಲಿ ದಿನವಿಡೀ ಬರುವ ಫೋನು ಆಗುಂಬೆ ಕಡೆಯ ಮನೆಯಲ್ಲಿ ಮಧ್ಯಾಹ್ನಕ್ಕೇ ಮಲಗಿತೆಂದರೆ ಫೋನನ್ನು ಬೈಯಬೇಡಿ. ಟವರ್ ದೂರವಿದ್ದಷ್ಟೂ ಫೋನು ಜೋರಾಗಿ ಸಿಗ್ನಲ್ ಕಳಿಸಬೇಕು. ಸಿಗ್ನಲ್ ಪೂರ್ತಿ ಹೋದರೆ ಹುಡುಕುತ್ತಲೇ ಇರಬೇಕು. ಇದರ ಮೇಲೆ ಫೋಟೋ ಬ್ಯಾಕಪ್ ಆನ್ ಇದ್ದರೆ ಕೇಳುವುದೇ ಬೇಡ. ಮದುವೆಮನೆಯಲ್ಲಿ ತೆಗೆದ ವಿಡಿಯೊ ಅರ್ಧ ಹೋಗುತ್ತದೆ, ಕಡಿಯುತ್ತದೆ, ಮತ್ತೆ ಶುರುವಾಗುತ್ತದೆ. ಜೇಬಿನಲ್ಲಿದ್ದ ಫೋನು ಬಿಸಿಯಾಗುವುದು ಆಗಲೇ. ಬ್ಯಾಕಪ್ಪನ್ನು ವೈಫೈಗೆ ಮಾತ್ರ ಬಿಡಿ. 5ಜಿ ಬಂದು ಹೋಗಿ ಮಾಡುವ ಕಡೆ 4ಜಿಗೇ ನಿಲ್ಲಿಸಿ. ಮನೆಯಲ್ಲಿ ವೈಫೈ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ. ನಮ್ಮ ಕಡೆಯ ಹಳ್ಳಿಗಳಿಗೆ ಇದಕ್ಕಿಂತ ಉಪಯೋಗದ ಸೆಟ್ಟಿಂಗ್ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

4. ಆ್ಯಪ್‌ಗಳನ್ನು ಮೇಲಕ್ಕೆ ತಳ್ಳಿ ಮುಚ್ಚುವ ಅಭ್ಯಾಸ ಬಿಡಿ

ಇತ್ತೀಚೆಗೆ ತೆರೆದ ಆ್ಯಪ್‌ಗಳ ಪಟ್ಟಿಯಲ್ಲಿ ಕಾಣುವುದೆಲ್ಲ ಓಡುತ್ತಿರುವುದಿಲ್ಲ. ಬಹಳಷ್ಟು ಮೆಮೊರಿಯಲ್ಲಿ ಸುಮ್ಮನೆ ಕೂತಿರುತ್ತವೆ. ಮುಚ್ಚಿ ಮತ್ತೆ ತೆರೆದಾಗ ಎಲ್ಲವನ್ನೂ ಮೊದಲಿನಿಂದ ಲೋಡ್ ಮಾಡಬೇಕು, ಅದಕ್ಕೇ ಖರ್ಚು ಹೆಚ್ಚು. ಹೀಗೆ ಮುಚ್ಚಿದರೆ ಬ್ಯಾಟರಿ ಉಳಿಯುವುದಿಲ್ಲವೆಂದು ಆ್ಯಪಲ್‌ನ ಕ್ರೇಗ್ ಫೆಡರಿಗಿ 2016ರಲ್ಲೇ ಹೇಳಿದ್ದರು. 'ಬೂಸ್ಟರ್', 'ಕ್ಲೀನರ್' ಹೆಸರಿನ ಆ್ಯಪ್‌ಗಳನ್ನು ನಾನು ಕೇಳಿಯೇ ತೆಗೆಯುತ್ತೇನೆ. ಸ್ವತಃ ಹಿನ್ನೆಲೆಯಲ್ಲಿ ಓಡದೆ ಅವು ಬದುಕುವುದಿಲ್ಲ.

5. ಅಪ್‌ಡೇಟ್ ಮುಂದೂಡಬೇಡಿ

2015ರ ಅಕ್ಟೋಬರ್‌ನಲ್ಲಿ ಐಫೋನಿನ ಫೇಸ್‌ಬುಕ್ ಆ್ಯಪ್ ಬ್ಯಾಟರಿ ತಿನ್ನುತ್ತಿತ್ತು. ವಿಡಿಯೊ ನೋಡಿ ಹೊರಬಂದ ಮೇಲೂ ಸದ್ದಿಲ್ಲದ ಆಡಿಯೊ ಓಡುತ್ತಲೇ ಇತ್ತು. ಕಂಪನಿಯೇ ಅದನ್ನು ಒಪ್ಪಿಕೊಂಡು ಸರಿಪಡಿಸಿದ ಆವೃತ್ತಿ ಬಿಟ್ಟಿತು. ಅಂಥ ದೋಷಕ್ಕೆ ನನ್ನ ಟೇಬಲ್ ಮೇಲೆ ಔಷಧಿಯಿಲ್ಲ, ಅಪ್‌ಡೇಟೇ ಔಷಧಿ.

6. ಎಲ್ಲವನ್ನೂ ಕಟ್ಟಿಹಾಕಬೇಡಿ

ಹಿನ್ನೆಲೆ ಬಳಕೆ ಪೂರ್ತಿ ನಿರ್ಬಂಧಿಸಿದರೆ ದೂರದ ಊರಿನಿಂದ ಮಗ ಮಾಡುವ ವಾಟ್ಸಾಪ್ ಕರೆ ರಿಂಗ್ ಆಗದಿರಬಹುದು. ಮಾತ್ರೆ ನೆನಪಿಸುವ ಆ್ಯಪ್, ಸಕ್ಕರೆ ಅಳೆಯುವ ಸೆನ್ಸರಿನ ಆ್ಯಪ್ ಇವುಗಳ ತಂಟೆಗೆ ಹೋಗಲೇಬೇಡಿ. ಉಳಿದವುಗಳಲ್ಲಿ ಬ್ಯಾಟರಿ ಬಳಕೆಯ ಪಟ್ಟಿಯ ಮೇಲಿರುವ ಒಂದನ್ನು ಮಾತ್ರ ಇವತ್ತು ನಿರ್ಬಂಧಿಸಿ, ನಾಳೆ ಅದೇ ಹೊತ್ತಿಗೆ ಪಟ್ಟಿ ನೋಡಿ, ಆಮೇಲೆ ಇನ್ನೊಂದಕ್ಕೆ ಕೈಹಾಕಿ.