ನೆಂಟರ ವಿಮಾನ, ಪಡುವಣ ಗಾಳಿ

ಹಾಯಿದೋಣಿಯಲ್ಲಿ ಬಹಾಮಾಸ್‌ಗೆ ಹೋಗಿ ಚಳಿಗಾಲ ಕಳೆಯಬೇಕು ಎನ್ನುವ ಕನ್ನಡದವರು ಫ್ಲಾರಿಡಾದಲ್ಲಿ ಈಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ದೋಣಿ ಎಷ್ಟು ಉದ್ದ ಇರಬೇಕು, ಖರ್ಚೆಷ್ಟು ಬರುತ್ತದೆ ಎಂದು ನನ್ನನ್ನು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಮಾತು: ನಡುವೆ ನೆಂಟರು ಬರುವವರಿದ್ದಾರಾ? ಅವರ ವಿಮಾನದ ಟಿಕೆಟ್ ಆಗಿದೆಯಾ?

ಎಲ್ಲರೂ ಗಲ್ಫ್ ಸ್ಟ್ರೀಮ್ ಎಂದರೆ ಹೆದರುತ್ತಾರೆ. ನಮಗೆ ಅದು ತೊಂದರೆ ಕೊಡಲಿಲ್ಲ. ಮಯಾಮಿಯಿಂದ ಬಿಮಿನಿಗೆ ಸುಮಾರು 50 ನಾಟಿಕಲ್ ಮೈಲಿ. ನಡುವೆ ಉತ್ತರಕ್ಕೆ ಹರಿಯುವ ಆ ಬೆಚ್ಚನೆಯ ಪ್ರವಾಹದ ವೇಗ ಮಧ್ಯಭಾಗದಲ್ಲಿ 3–4 ನಾಟ್ ಮುಟ್ಟುತ್ತದೆ. ಬಡಗಣ ಗಾಳಿ ಅದಕ್ಕೆ ಎದುರಾದರೆ ಅಲೆಗಳು ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ. ಅದಕ್ಕೇ ಕೀ ಬಿಸ್ಕೇನ್‌ನ ನೋ ನೇಮ್ ಹಾರ್ಬರಿನಲ್ಲಿ ಲಂಗರು ಹಾಕಿ, ಗಾಳಿ ಆಗ್ನೇಯಕ್ಕೆ ತಿರುಗುವ ತನಕ ಕಾದೆವು. ಬಿಮಿನಿ ಸೇರಿ, ಹಳದಿ ಬಾವುಟ ಹಾರಿಸಿ, ಕಸ್ಟಮ್ಸ್ ಮುಗಿಸಿ, ಬಹಾಮಾಸ್ ಬಾವುಟ ಏರಿಸಿದಾಗ ಬಟ್ಟೆಯೂ ಒದ್ದೆಯಾಗಿರಲಿಲ್ಲ. ದೋಣಿಯಲ್ಲಿ ಆಗ ನಾನು, ನಮ್ಮವರು ಇಬ್ಬರೇ. ಅವಸರ ಮಾಡುವವರು ಯಾರೂ ಇರಲಿಲ್ಲ.

ನಸ್ಸಾವ್ ದಾಟಿದರೆ ಎಕ್ಸುಮಾ ದ್ವೀಪಗಳ ಸಾಲು ಸಿಗುತ್ತದೆ. ಮೂಡಣಕ್ಕೆ ಸಾವಿರ ಮೀಟರಿಗೂ ಮಿಕ್ಕ ಆಳದ ಎಕ್ಸುಮಾ ಸೌಂಡ್, ಪಡುವಣಕ್ಕೆ ತಳದ ಮರಳು ಕಾಣುವಷ್ಟು ತಿಳಿನೀರಿನ, ಆಳ ಕಡಿಮೆಯ ಕಡಲು, ಅಂದರೆ ಬ್ಯಾಂಕ್. ಬಹುಪಾಲು ದಿನ ಗಾಳಿ ಮೂಡಣದ್ದೇ ಆದ್ದರಿಂದ ದೋಣಿಗಳೆಲ್ಲ ದ್ವೀಪದ ಮರೆಗೆ, ಪಡುವಣ ಮಗ್ಗುಲಲ್ಲಿ ನಿಲ್ಲುತ್ತವೆ. ಆದರೆ ಡಿಸೆಂಬರಿನಿಂದ ಫೆಬ್ರವರಿವರೆಗೆ ಅಮೆರಿಕದ ಕಡೆಯಿಂದ ಒಂದರ ಹಿಂದೊಂದು ಕೋಲ್ಡ್ ಫ್ರಂಟ್ ಇಳಿಯುತ್ತದೆ. ಗಾಳಿ ತೆಂಕಣಕ್ಕೆ, ನೈಋತ್ಯಕ್ಕೆ, ಪಡುವಣಕ್ಕೆ, ವಾಯವ್ಯಕ್ಕೆ ಎಂದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಸುತ್ತುತ್ತದೆ. ನೆರಳು ಕೊಟ್ಟ ದ್ವೀಪವೇ ಆಗ ದೋಣಿಯ ಬೆನ್ನಿಗೆ ಬಂಡೆಯಾಗಿ ನಿಲ್ಲುತ್ತದೆ. ಅಲ್ಲಿ ಚಳಿಗಾಲ ಕಳೆಯುವವರ ಮುಖ್ಯ ಕೆಲಸವೇ ಇದನ್ನು ಎರಡು ದಿನ ಮೊದಲೇ ಅರಿತು ಜಾಗ ಬದಲಿಸುವುದು.

ನಾವು ಅರಿತಿದ್ದೆವು. ನಸ್ಸಾವ್‌ನಲ್ಲಿ ದೋಣಿ ಹತ್ತಿದ ಭಾವ (ನಮ್ಮವರ ಅಣ್ಣ), ಅಕ್ಕ, ಅವರ ಇಬ್ಬರು ಮಕ್ಕಳ ಜೊತೆ ವಾರ್ಡರಿಕ್ ವೆಲ್ಸ್‌ನಲ್ಲಿದ್ದೆವು. 1958ರಲ್ಲಿ ಮೀಸಲಾದ ಕಡಲ ಉದ್ಯಾನದ ನಡುವಿನ ಜಾಗ ಅದು. ತಳಕ್ಕೆ ಭದ್ರವಾಗಿ ಕೂರಿಸಿದ ಮೂರಿಂಗ್‌ಗೆ ದೋಣಿ ಕಟ್ಟಿದರೆ ಗಾಳಿ ಯಾವ ಕಡೆಯಿಂದ ಬಂದರೂ ನಿದ್ದೆ ಬರುತ್ತದೆ. ರೇಡಿಯೋದಲ್ಲಿ ಫ್ರಂಟ್ ಸುದ್ದಿ ಬಂದ ಕೂಡಲೇ ಇಲ್ಲೇ ಇರೋಣ ಎಂದೆ. ಭಾವ ಒಪ್ಪಲಿಲ್ಲ. ಅವರ ವಿಮಾನ ಸ್ಟ್ಯಾನಿಯಲ್ ಕೀಯಿಂದ, ಮರುದಿನ ಹತ್ತು ಗಂಟೆಗೆ. ಅಷ್ಟರೊಳಗೆ ಬಿಗ್ ಮೇಜರ್ ಕೀಯಲ್ಲಿ ಈಜುವ ಹಂದಿಗಳನ್ನು ಮಕ್ಕಳಿಗೆ ತೋರಿಸಬೇಕು. "ಎಲೆ ಅಲ್ಲಾಡ್ತಿಲ್ಲ, ಯಾಕಮ್ಮ ಇಷ್ಟು ಹೆದರ್ತೀಯ? ಟಿಕೆಟ್ ದುಡ್ಡು ವಾಪಸ್ ಬರೋದಿಲ್ಲ," ಎಂದರು. ಅಣ್ಣನಿಗೆ ಎದುರಾಡಿ ನಮ್ಮವರಿಗೆ ರೂಢಿಯಿಲ್ಲ. ಮೂರಿಂಗ್ ಬಿಚ್ಚಿದೆವು.

ಬಿಗ್ ಮೇಜರ್ ತಲುಪುವ ಹೊತ್ತಿಗೆ, ಪಡುವಣ ಗಾಳಿಗೆ ಮರೆಯಾಗುವ ಎರಡು ಮೇಜರ್ ದ್ವೀಪಗಳ ನಡುವಿನ ಜಾಗ ತುಂಬಿಹೋಗಿತ್ತು. ನಮಗೆ ಉಳಿದದ್ದು ಪಡುವಣಕ್ಕೆ ಬಾಯಿ ತೆರೆದ ಹಂದಿ ದಂಡೆ. ಸಂಜೆ ಹೊತ್ತಿಗೆ ಗಾಳಿ ಪೂರ್ತಿ ಬಿದ್ದುಹೋಯಿತು. ವಾಯವ್ಯದ ಅಂಚಿನಲ್ಲಿ ಸದ್ದಿಲ್ಲದ ಮಿಂಚು. ಭಾವ ಮಲಗಿದರು.

ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಮೈಗೆ ತಣ್ಣಗೆ ತಾಗಿತು. ಹಿಂದೆಯೇ ಗಾಳಿ ಬಂತು. ದೋಣಿ ಗಿರ್ರನೆ ತಿರುಗಿ ಪಡುವಣಕ್ಕೆ ಮುಖ ಕೊಟ್ಟಿತು. ಮಾಪಕದಲ್ಲಿ 28 ನಾಟ್, ಸ್ವಲ್ಪದರಲ್ಲೇ 36. ಬ್ಯಾಂಕಿನ ಉದ್ದಕ್ಕೂ ತಡೆಯಿಲ್ಲದೆ ಬಂದ ಗಿಡ್ಡ ಅಲೆಗಳು ಮೂತಿಯನ್ನು ಎತ್ತಿ ಕುಕ್ಕುತ್ತಿದ್ದವು. ಸರಪಳಿಯ ಜಗ್ಗಾಟ ತಾಳಿಕೊಳ್ಳಲು ಕಟ್ಟಿದ್ದ ನೈಲಾನ್ ಹಗ್ಗ ಒಂದೇ ಏಟಿಗೆ ಕಡಿಯಿತು. ಆಮೇಲೆ ಪ್ರತಿ ಅಲೆಗೂ ಸರಪಳಿ ನೇರವಾಗಿ ದೋಣಿಯನ್ನೇ ಜಗ್ಗುವ ಸದ್ದು. ಹಿಂದೆ ಕಟ್ಟಿದ್ದ ರಬ್ಬರ್ ದೋಣಿ ಮೋಟಾರಿನ ಸಮೇತ ಮಗುಚಿತು. ಜಿಪಿಎಸ್ ಅಲಾರಂ ಕೂಗತೊಡಗಿತು. ಲಂಗರು ಜಾರುತ್ತಿತ್ತು.

ಎಂಜಿನ್ ಹಾಕಿ ಚುಕ್ಕಾಣಿ ಹಿಡಿದೆ. ನಮ್ಮವರು ಮುಂದಕ್ಕೆ ತೆವಳಿಕೊಂಡು ಹೋದರು. ಅವರ ಹಣೆಯ ದೀಪ ಬಿಟ್ಟರೆ ನನಗೆ ಏನೂ ಕಾಣುತ್ತಿರಲಿಲ್ಲ. ದೀಪ ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಆಳದ ಮಾಪಕ 10 ಅಡಿ ತೋರಿಸುತ್ತಿದ್ದದ್ದು 8ಕ್ಕೆ ಇಳಿಯಿತು, ಆಮೇಲೆ 7. ನಮ್ಮ ದೋಣಿಗೆ ಬೇಕಾದದ್ದು 5 ಅಡಿ. ಹಿಂದೆ, ಗರಗಸದಂಥ ಸುಣ್ಣಕಲ್ಲಿನ ದಂಡೆಗೆ ನೀರು ಅಪ್ಪಳಿಸುವುದು ಕೇಳುತ್ತಿತ್ತು. ಕೆಳಗೆ ಲೈಫ್ ಜಾಕೆಟ್ ತೊಟ್ಟ ಮಕ್ಕಳು ನೆಲದ ಮೇಲೆ ಕೂತು ಅಳುತ್ತಿದ್ದರೆ, ಅಕ್ಕ ವಿಷ್ಣು ಸಹಸ್ರನಾಮ ಹೇಳುತ್ತಿದ್ದರು. ಲಂಗರು ಮೇಲೆ ಬಂದಾಗ ಅದರ ಮೊನೆಗೆ ಒಂದು ಬುಟ್ಟಿಯಷ್ಟು ಕಡಲ ಹುಲ್ಲು ಸಿಕ್ಕಿಕೊಂಡಿತ್ತು. ಮರಳಿಗೆ ಅದು ಇಳಿದೇ ಇರಲಿಲ್ಲ. ಎಂಜಿನ್ ಪೂರ್ತಿ ಓಡಿಸಿದರೂ ದೋಣಿ ನಡಿಗೆಗಿಂತ ನಿಧಾನ. ಒಂದು ಮೈಲಿಯಷ್ಟು ಪಡುವಣಕ್ಕೆ, ಬಯಲು ಬ್ಯಾಂಕಿಗೆ ಹೋಗಿ ಇದ್ದ ಸರಪಳಿಯನ್ನೆಲ್ಲ ಬಿಟ್ಟೆವು. ಅಲ್ಲಿ ಮರೆಯೂ ಇರಲಿಲ್ಲ, ಬಂಡೆಯೂ ಇರಲಿಲ್ಲ. ಬೆಳಕಾಗುವ ತನಕ ನಾನು ಚುಕ್ಕಾಣಿ ಬಿಡಲಿಲ್ಲ.

ಆ ದಿನ ಸ್ಟ್ಯಾನಿಯಲ್ ಕೀಯಿಂದ ಪುಟ್ಟ ವಿಮಾನಗಳು ಹಾರಲೇ ಇಲ್ಲ. ವಾರ್ಡರಿಕ್ ವೆಲ್ಸ್‌ನಲ್ಲೇ ಉಳಿದಿದ್ದರೂ ಭಾವನಿಗೆ ಆಗುತ್ತಿದ್ದ ನಷ್ಟ ಅಷ್ಟೇ. ಆದರೆ ಅವರು ನೆಂಟರ ಮನೆಗಳಲ್ಲಿ ಹೇಳಿಕೊಂಡು ಬಂದದ್ದು ಬೇರೆ: ನಮ್ಮ ದೋಣಿ ಹಳೆಯದಂತೆ, ಲಂಗರು ಸರಿಯಿರಲಿಲ್ಲವಂತೆ. ಅದೇ ಲಂಗರು ಆ ಚಳಿಗಾಲ ಮುಗಿಯುವವರೆಗೆ, ಜಾರ್ಜ್ ಟೌನಿನ ಎಲಿಜಬೆತ್ ಹಾರ್ಬರಿನಲ್ಲಿ ಮತ್ತಷ್ಟು ಫ್ರಂಟ್‌ಗಳು ಬಂದು ಹೋದರೂ ಕದಲಲಿಲ್ಲ. ನಾನು ಮಲ್ಪೆ ಬಳಿ ಬೆಳೆದವಳು. ಟಿಕೆಟ್ ನೋಡಿ ಕಡಲಿಗಿಳಿಯುವವರನ್ನು ನಮ್ಮೂರಲ್ಲಿ ಕಂಡಿಲ್ಲ.

ಹೋಗುವವರಿಗೆ ಒಂದಿಷ್ಟು ಹೇಳುತ್ತೇನೆ. ಲಂಗರು ಹಾಕಿದ ಮೇಲೆ ಈಜುಗನ್ನಡಕ ಹಾಕಿಕೊಂಡು ನೀರಿಗಿಳಿದು, ಅದು ಮರಳಿನಲ್ಲಿ ಹೂತಿದೆಯೇ ಎಂದು ಕಣ್ಣಾರೆ ನೋಡಿ. ಆ ಸಂಜೆ ಕತ್ತಲಾಗಿ ನಮಗೆ ಅದು ಸಾಧ್ಯವಾಗಲಿಲ್ಲ. ಫ್ರಂಟ್ ಬರುವಾಗ ಆಳದ ಏಳು ಪಟ್ಟಿಗಿಂತ ಕಡಿಮೆ ಸರಪಳಿ ಬಿಡಬೇಡಿ. ರಬ್ಬರ್ ದೋಣಿಯನ್ನು ರಾತ್ರಿ ಮೇಲೆತ್ತಿಡಿ. ಅಕ್ಕಿ, ಬೇಳೆ, ಹುಳಿಪುಡಿ ಫ್ಲಾರಿಡಾದಿಂದಲೇ ಒಯ್ಯಿರಿ. ಚಿಕ್ಕ ದ್ವೀಪಗಳಿಗೆ ತರಕಾರಿ ಬರುವುದು ಸಾಮಾನಿನ ಹಡಗು ಬಂದಾಗ ಮಾತ್ರ, ಅದೂ ಗಾಳಿಯ ದಿನಗಳಲ್ಲಿ ತಡ. ನೆಂಟರನ್ನು ಕರೆಯಲೇಬೇಕಿದ್ದರೆ ಏಪ್ರಿಲ್‌ನಲ್ಲಿ ಕರೆಯಿರಿ. ಅಷ್ಟರಲ್ಲಿ ಫ್ರಂಟ್‌ಗಳ ಬಲ ತಗ್ಗಿರುತ್ತದೆ, ಚಂಡಮಾರುತದ ಕಾಲ ಶುರುವಾಗುವುದು ಜೂನ್ 1ಕ್ಕೆ.