ಪಡುಗೋಡೆಯ ಖರ್ಚು

ಹೊರಗೋಡೆಗೆ ಬಣ್ಣ ಬಳಿಸುವ ಒಟ್ಟು ಖರ್ಚಿನಲ್ಲಿ ಬಣ್ಣದ್ದೇ ಪಾಲು ಎಷ್ಟು ಎಂದು ಕೇಳಿದರೆ ಹೆಚ್ಚಿನವರು ಅರ್ಧ ಅಥವಾ ಮುಕ್ಕಾಲು ಎನ್ನುತ್ತಾರೆ. ಉಡುಪಿ ಹತ್ತಿರದ ನಮ್ಮ ಎರಡಂತಸ್ತಿನ ತಾರಸಿ ಮನೆಗೆ ಹಿಂದಿನ ಸಲ ಬಣ್ಣ ಮಾಡಿಸಿದ ಲೆಕ್ಕ ನನ್ನ ಪುಸ್ತಕದಲ್ಲಿದೆ. ಹೊರಗೋಡೆಯ ವಿಸ್ತೀರ್ಣ 2,400 ಚದರ ಅಡಿ. ಎರಡು ಕೋಟ್ ಬಳಿದರೆ ಲೀಟರಿಗೆ ಸುಮಾರು 55 ಚದರ ಅಡಿ ಬರುತ್ತದೆ, ಅಂದರೆ 44 ಲೀಟರ್ ಬೇಕು. ಲೀಟರಿಗೆ 400 ರೂಪಾಯಿಯ ಒಳ್ಳೆಯ ಅಕ್ರಿಲಿಕ್ ಎಮಲ್ಷನ್ ತಂದೆವು, ಅದಕ್ಕೆ 17,600 ರೂಪಾಯಿ ಆಯಿತು. ಅಟ್ಟಣಿಗೆ ಸೇರಿ ಕೂಲಿ ಚದರ ಅಡಿಗೆ 14 ರೂಪಾಯಿಯಂತೆ 33,600. ಗೋಡೆ ತೊಳೆಯುವುದು, ಪಾಚಿ ಸಾಯಿಸುವ ದ್ರಾವಣ, ಬಿರುಕು ತುಂಬುವುದು, ಪ್ರೈಮರ್ ಎಲ್ಲ ಸೇರಿ 12,000. ಒಟ್ಟು 63,200 ರೂಪಾಯಿ. ಡಬ್ಬಿಯೊಳಗಿನ ಬಣ್ಣಕ್ಕೆ ಹೋದದ್ದು ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ.

ಇದೇ ಕೆಲಸಕ್ಕೆ ಲೀಟರಿಗೆ 180 ರೂಪಾಯಿಯ ಅಗ್ಗದ ಬಣ್ಣ ತಂದಿದ್ದರೆ 9,680 ರೂಪಾಯಿ ಉಳಿಯುತ್ತಿತ್ತು, ಖರ್ಚು 53,520ಕ್ಕೆ ಇಳಿಯುತ್ತಿತ್ತು. ಆದರೆ ಅಂಥ ಬಣ್ಣ ನಮ್ಮ ಬಿಸಿಲು ಮಳೆಗೆ ಮೂರು ವರ್ಷ ತಡೆದರೆ ದೊಡ್ಡದು. ವರ್ಷಕ್ಕೆ 17,840 ರೂಪಾಯಿ ಬಿತ್ತು. ಒಳ್ಳೆಯ ಬಣ್ಣ, ಸರಿಯಾಗಿ ಸಿದ್ಧ ಮಾಡಿದ ಗೋಡೆಯ ಮೇಲೆ, ಆರು ವರ್ಷ ನಿಂತರೆ ವರ್ಷಕ್ಕೆ 10,533. ಮೂರನೆಯ ಲೆಕ್ಕವೂ ಒಂದಿದೆ, ನಮ್ಮ ಬೀದಿಯಲ್ಲಿ ನಾನು ಹೆಚ್ಚು ಕಂಡದ್ದು ಅದನ್ನೇ: ಬಣ್ಣ ಅತ್ಯುತ್ತಮದ್ದು, ಆದರೆ ತೊಳೆಯುವ, ದುರಸ್ತಿಯ ಆ 12,000 ರೂಪಾಯಿ ಉಳಿಸಿದ್ದು. ಖರ್ಚು 51,200. ಎರಡು ಮಳೆಗಾಲ ಮುಗಿಯುವಷ್ಟರಲ್ಲಿ ಬಣ್ಣ ಹಪ್ಪಳದಂತೆ ಎದ್ದು ಬರುತ್ತದೆ. ವರ್ಷಕ್ಕೆ 25,600 ರೂಪಾಯಿ. ಮೂರರಲ್ಲಿ ಅತಿ ದುಬಾರಿ ಇದೇ. ಕೆಟ್ಟ ಗೋಡೆಯ ಮೇಲೆ ಒಳ್ಳೆಯ ಬಣ್ಣ ಬಳಿಸಿ ದುಡ್ಡು ಕಳೆದುಕೊಂಡವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರದು ಸಾಲ ಮಾಡಿ ಕಟ್ಟಿದ ಮನೆ, ಬಣ್ಣದ ದುಡ್ಡು ಕೂಡ ಎಷ್ಟೋ ಸಲ ಮಗಳ ಮದುವೆಗೆಂದು ಕೂಡಿಟ್ಟದ್ದರಿಂದ ತೆಗೆದದ್ದು.

ನಮ್ಮ ಕರಾವಳಿಯ ಗೋಡೆಗೆ ಬರುವ ಕಷ್ಟ ಬಯಲುಸೀಮೆಯ ಗೋಡೆಗೆ ಬರುವುದಿಲ್ಲ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಗಾಳಿ ನೈಋತ್ಯದಿಂದ ಬೀಸುವುದರಿಂದ ಪಡು ಮತ್ತು ತೆಂಕು ಗೋಡೆಗಳಿಗೆ ಮಳೆ ಅಡ್ಡಡ್ಡ ಬಡಿಯುತ್ತದೆ. ಬಿಸಿಲು ಕಡಿಮೆ ಕಾಣುವ ಬಡಗು ಗೋಡೆಗೆ ಪಾಚಿ. ಕಲ್ಲು ಮುರಕಲ್ಲಾದರೆ ಅದರ ಮೈತುಂಬ ರಂಧ್ರ, ನೀರನ್ನು ಕುಡಿದು ಇಟ್ಟುಕೊಳ್ಳುತ್ತದೆ. ಅದರ ಮೇಲಿನ ಸಿಮೆಂಟ್ ಸಾರಣೆಯಲ್ಲಿ ಕೂದಲೆಳೆಯ ಬಿರುಕುಗಳು ಬಿದ್ದೇ ಬೀಳುತ್ತವೆ.

ಹಿಂದಿನವರು ಇದಕ್ಕೆ ಬಣ್ಣದಲ್ಲಿ ಉತ್ತರ ಹುಡುಕಲಿಲ್ಲ, ಮಾಡಿನಲ್ಲಿ ಹುಡುಕಿದರು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಊರೂರಿಗೆ ಹೆಂಚಿನ ಮಾಡು ಬಂತು. ಆ ಮಾಡಿನ ಸೂರು ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ಚಾಚಿ, ಮಳೆಯನ್ನು ಗೋಡೆಗೆ ತಾಗಲು ಬಿಡುತ್ತಿರಲಿಲ್ಲ. ಅಷ್ಟೂ ಸಾಲದ ಕಡೆ ಮಳೆಗಾಲಕ್ಕೆ ಪಡುಬದಿಗೆ ತೆಂಗಿನ ಮಡಲು ಕಟ್ಟುತ್ತಿದ್ದರು. ಮಲೆನಾಡಿನವರು ಅಡಿಕೆ ಸೋಗೆಯ ಜಡಿತಟ್ಟಿ ಕಟ್ಟುತ್ತಿದ್ದರು. ಕಾಂಕ್ರೀಟ್ ಸ್ಲ್ಯಾಬ್ ಬಂದಾಗ ಸೂರು ಹೋಯಿತು, ಮಡಲೂ ಹೋಯಿತು. ಸೂರು ಮಾಡುತ್ತಿದ್ದ ಕೆಲಸವನ್ನು ಕೂದಲೆಳೆಯಷ್ಟು ತೆಳುವಾದ ಬಣ್ಣದ ಪೊರೆ ಮಾಡಬೇಕೆಂದು ನಾವು ಈಗ ಬಯಸುತ್ತಿದ್ದೇವೆ. ಹಾಗಾಗಿ ತಾರಸಿಯ ಮೇಲೆ ಶೀಟು ಹಾಕಿಸುವವರಿಗೆ ನಾನು ಹೇಳುವುದು, ಅದನ್ನು ಪಡುಬದಿಗೆ ಸಾಧ್ಯವಿದ್ದಷ್ಟು ಹೊರಚಾಚಿಸಿ ಎಂದು. ಆ ಹೆಚ್ಚುವರಿ ಅಡಿಗಳಿಗೆ ಕೊಟ್ಟ ದುಡ್ಡು ಬಣ್ಣದ ಖರ್ಚಿನಲ್ಲಿ ಮರಳಿ ಬರುತ್ತದೆ.

ಬಣ್ಣ ಏಳುವುದಕ್ಕೆ ಕಾರಣ ಬಹಳ ಸಲ ಗೋಡೆಯೊಳಗೇ ಇರುತ್ತದೆ. ಪ್ಯಾರಪೆಟ್ ಗೋಡೆಯ ನೆತ್ತಿಯಿಂದ, ಪೈಪಿನ ಸಂದಿನಿಂದ, ಸನ್‌ಶೇಡ್ ಗೋಡೆಗೆ ಸೇರುವ ಮೂಲೆಯಿಂದ, ತಳಪಾಯದಿಂದ ನೀರು ಒಳಸೇರುತ್ತದೆ. ಮಳೆ ನಿಂತು ಬಿಸಿಲು ಬಿದ್ದಾಗ ಆ ನೀರು ಆವಿಯಾಗಿ ಹೊರಗೆ ಬರಲು ದಾರಿ ಹುಡುಕಿ ಬಣ್ಣದ ಪೊರೆಯನ್ನು ಒಳಗಿನಿಂದ ತಳ್ಳುತ್ತದೆ. ಬರುವಾಗ ಸಾರಣೆಯ ಲವಣಗಳನ್ನೂ ಹೊತ್ತು ತರುತ್ತದೆ. ಗೋಡೆಯ ಮೇಲೆ ಬಿಳಿ ಪುಡಿಯಾಗಿ ಕಾಣುವ ಉಪ್ಪು ಅದೇ. ಇಂಥ ಗೋಡೆಗೆ ರಬ್ಬರಿನಂತೆ ಹಿಗ್ಗುವ ದಪ್ಪ ವಾಟರ್‌ಪ್ರೂಫ್ ಬಣ್ಣ ಬಳಿಯಿರಿ ಎಂಬ ಸಲಹೆ ಬೇಗ ಬರುತ್ತದೆ. ಸಣ್ಣ ಬಿರುಕುಗಳ ಮೇಲೆ ಸೇತುವೆಯಾಗಿ ನಿಲ್ಲುವ ಗುಣ ಅದಕ್ಕೆ ಇರುವುದು ನಿಜ. ಆದರೆ ನೀರು ಬೇರೆ ಕಡೆಯಿಂದ ಒಳಬರುತ್ತಿದ್ದರೆ ದಪ್ಪ ಪೊರೆ ಅದನ್ನು ಒಳಗೇ ಕೂಡಿಹಾಕುತ್ತದೆ, ಕೆಲವೊಮ್ಮೆ ಒಳಕೋಣೆಯ ಗೋಡೆ ತೇವವಾಗುತ್ತದೆ. ಆದ್ದರಿಂದ ಕೈಯಲ್ಲಿ 60,000 ರೂಪಾಯಿ ಇದ್ದರೆ ಮೊದಲು ನೀರಿನ ದಾರಿ ಮುಚ್ಚಿಸಿ: ಪ್ಯಾರಪೆಟ್ ನೆತ್ತಿಗೆ ತಾರಸಿಯ ಕಡೆ ಇಳಿಜಾರು, ಸನ್‌ಶೇಡ್‌ನ ಕೆಳಅಂಚಿಗೆ ನೀರು ತೊಟ್ಟಿಕ್ಕಿ ಬೀಳುವಂತೆ ಒಂದು ಗ್ರೂವ್, ಪೈಪಿನ ಸಂದುಗಳಿಗೆ ಸೀಲೆಂಟ್. ಇದಕ್ಕೆ ದುಡ್ಡು ಮುಗಿದು ಬಣ್ಣ ಒಂದು ವರ್ಷ ಮುಂದಕ್ಕೆ ಹೋದರೂ ನಷ್ಟವಿಲ್ಲ.

ಇನ್ನು ಸಮಯ. ಮಳೆಗಾಲ ಮುಗಿಯಿತೆಂದು ಅಕ್ಟೋಬರ್‌ನಲ್ಲೇ ಕರೆದರೆ ನಮ್ಮ ಪೈಂಟರ್ ಬರುವುದಿಲ್ಲ. "ಈಗ ಬೇಡ ಮಾರಾಯ್ರೆ, ಗೋಡೆ ಕುಡಿದ ನೀರು ಇನ್ನೂ ಬಿಡಲಿಲ್ಲ" ಎನ್ನುತ್ತಾರೆ. ಕೆಲಸ ಕೈಯಲ್ಲಿ ಇಲ್ಲದ ದಿನಗಳಲ್ಲೂ ಹಾಗೆ ಹೇಳುವ ಅವರ ಬಗ್ಗೆ ನನಗೆ ಬಹಳ ಗೌರವ. ಗೋಡೆ ಒಣಗಿದೆಯೇ ಎಂದು ನೋಡಲು ಯಂತ್ರ ಬೇಕಿಲ್ಲ. ಒಂದೂವರೆ ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಒಂದು ರಾತ್ರಿ ಬಿಟ್ಟು ತೆಗೆಯಿರಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಕಾಯಬೇಕು. ಹಳೆಯ ಬಣ್ಣದ ಮೇಲೆ ಅಂಗೈ ಉಜ್ಜಿ ನೋಡಿ, ಪುಡಿ ಅಂಟಿದರೆ ಕೆರೆದು ತೊಳೆದು ಪ್ರೈಮರ್ ಹಾಕದೆ ಮೇಲಿನ ಕೋಟ್ ನಿಲ್ಲುವುದಿಲ್ಲ. ಬಿರುಕುಗಳನ್ನು ಸ್ವಲ್ಪ ಅಗಲಿಸಿ ಅಕ್ರಿಲಿಕ್ ಫಿಲ್ಲರ್‌ನಿಂದ ತುಂಬಿಸಬೇಕು. ಒಳಗೆ ಬಳಸುವ ಪಿಒಪಿಯನ್ನು ಹೊರಗೆ ಹಚ್ಚಲು ಎಂದೂ ಒಪ್ಪಬೇಡಿ, ಅದು ನೀರು ತಾಗಿದರೆ ಮೆತ್ತಗಾಗುತ್ತದೆ.

ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ದಿನಗಳು ನಮ್ಮಲ್ಲಿ ಒಳ್ಳೆಯವು. ಆಗಲೂ ಬೆಳಗಿನ ಇಬ್ಬನಿ ಆರಿದ ಮೇಲೆ ಕುಂಚ ಎತ್ತಬೇಕು, ಸಂಜೆ ಇಬ್ಬನಿ ಬೀಳುವ ಎರಡು ಮೂರು ಗಂಟೆ ಮೊದಲೇ ನಿಲ್ಲಿಸಬೇಕು. ಎಮಲ್ಷನ್‌ನ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗಲು ಹೊತ್ತು ಬೇಕು. ಮಧ್ಯಾಹ್ನದ ಸುಡುಗೋಡೆಯ ಮೇಲೆ ನೀರು ಬೇಗ ಹಾರಿ ಆ ಬೆಸುಗೆ ಕೆಡುತ್ತದೆ, ಇಬ್ಬನಿ ಬಿದ್ದರೂ ಕೆಡುತ್ತದೆ. ಅದಕ್ಕೇ ಬಲ್ಲ ಪೈಂಟರ್ ನೆರಳಿನ ಹಿಂದೆ ಹೋಗುತ್ತಾರೆ: ಬೆಳಿಗ್ಗೆ ಪಡುಗೋಡೆ, ಮಧ್ಯಾಹ್ನದ ಮೇಲೆ ಮೂಡುಗೋಡೆ. ಮೇ ತಿಂಗಳ ಮದುವೆಗೆಂದು ಏಪ್ರಿಲ್ ಕೊನೆಯಲ್ಲಿ ಓಡೋಡಿ ಬಣ್ಣ ಮಾಡಿಸುವವರು ಹೆಚ್ಚಿನ ಕೂಲಿ ಕೊಟ್ಟು ಕಡಿಮೆ ಬಾಳಿಕೆ ಕೊಳ್ಳುತ್ತಾರೆ.

ಹೊಸ ಮನೆಯವರಿಗೆ ಇನ್ನೂ ಒಂದು ತಾಳ್ಮೆ ಬೇಕು. ಹಸಿ ಸಿಮೆಂಟ್ ಸಾರಣೆ ಬಲವಾದ ಕ್ಷಾರ, ಕನಿಷ್ಠ 28 ದಿನವಾದರೂ ಬಿಡದೆ ಬಳಿದರೆ ಬಣ್ಣ ಮಾಸಿ ತೇಪೆತೇಪೆಯಾಗುತ್ತದೆ. ಗೃಹಪ್ರವೇಶಕ್ಕೆ ಪ್ರೈಮರ್ ಮತ್ತು ಒಂದು ಕೋಟ್ ಸಾಕು. ಕೊನೆಯ ಕೋಟಿನ ದುಡ್ಡನ್ನು ಬ್ಯಾಂಕಿನಲ್ಲಿಡಿ. ಒಂದು ಮಳೆಗಾಲ ಕಳೆದರೆ ಸಾರಣೆ ಎಲ್ಲಿ ಬಿರುಕು ಬಿಟ್ಟಿದೆ, ನೀರು ಎಲ್ಲಿ ಇಳಿಯುತ್ತದೆ ಎಂಬುದು ಗೋಡೆಯ ಮೇಲೆಯೇ ಬರೆದಿರುತ್ತದೆ. ಅದನ್ನು ಸರಿಮಾಡಿ ಬಳಿದರೆ ಎರಡನೆಯ ಸಲ ಅಟ್ಟಣಿಗೆ ಕಟ್ಟಿದ ಕೂಲಿ ಹೊರೆ ಎನಿಸದು.

ಹಳೆಯ ಸುಣ್ಣದ ಸಾರಣೆಯ ಮನೆ ಇದ್ದವರಂತೂ ಸುಣ್ಣವನ್ನೇ ಬಳಿಯುವುದು ಒಳ್ಳೆಯದು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ, ಗೋಡೆಯ ತೇವವನ್ನು ಹೊರಬಿಡುತ್ತದೆ. ವರ್ಷ ವರ್ಷ ಬಳಿಯಬೇಕಾದರೂ ಖರ್ಚು ಕಡಿಮೆ. ಸಿಮೆಂಟ್ ಪೈಂಟ್‌ನ ನಡೆಯೇ ಬೇರೆ: ಬಳಿಯುವ ಮೊದಲು ಗೋಡೆಗೆ ನೀರು ಚಿಮುಕಿಸಬೇಕು, ಬಳಿದ ಮೇಲೂ ನೀರು ಹಾಕಿ ಕ್ಯೂರಿಂಗ್ ಮಾಡಬೇಕು. ಕಂಪೌಂಡ್ ಗೋಡೆಗೆ ಅದು ಇಂದಿಗೂ ಒಳ್ಳೆಯ, ಅಗ್ಗದ ಆಯ್ಕೆ. ಕೊಳ್ಳುವಾಗ ಚೀಲದ ಮೇಲೆ ಐಎಸ್ 5410 ಗುರುತು ನೋಡಿ. ಪುಡಿಯಾದ ಸಿಮೆಂಟ್ ಪೈಂಟ್ ಮೇಲೆ ನೇರವಾಗಿ ಎಮಲ್ಷನ್ ಬಳಿಸಿದರೆ ಮಾತ್ರ ಎರಡೂ ಒಟ್ಟಿಗೆ ಸುಲಿದು ಬರುತ್ತವೆ.

ಬಣ್ಣದ ಆಯ್ಕೆಯಲ್ಲೂ ದುಡ್ಡಿದೆ. ಕಡುಬಣ್ಣ ಬಿಸಿಲನ್ನು ಹೀರಿ ಗೋಡೆಯನ್ನು ಕಾಯಿಸುತ್ತದೆ. ಹೊಳೆಯುವ ಹಳದಿ, ಕೆಂಪು, ನೇರಳೆಗಳು ಬೇಗ ಮಂಕಾಗುತ್ತವೆ. ಕಬ್ಬಿಣದ ಆಕ್ಸೈಡ್‌ನಿಂದ ಬರುವ ಕೆಮ್ಮಣ್ಣು, ಕಂದು, ಮಣ್ಣುಹಳದಿ ಬಿಸಿಲಿಗೆ ಮಾಸುವುದು ಬಹಳ ನಿಧಾನ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನು ಕಂಡವರಿಗೆ ಮಣ್ಣಿನ ಬಣ್ಣದ ತಾಳಿಕೆಯನ್ನು ವಿವರಿಸಬೇಕಿಲ್ಲ.

ಗುತ್ತಿಗೆ ಕೊಡುವಾಗ ಚದರ ಅಡಿಯ ಒಂದೇ ದರಕ್ಕೆ ಒಪ್ಪದೆ ತೊಳೆಯುವುದು, ಬಿರುಕು, ಪ್ರೈಮರ್, ಕೋಟ್‌ಗಳ ಲೆಕ್ಕ ಬೇರೆ ಬೇರೆ ಬರೆಸಿಕೊಳ್ಳಿ. ಬಣ್ಣವನ್ನು ನೀವೇ ಜಿಎಸ್‌ಟಿ ಬಿಲ್ಲಿನೊಂದಿಗೆ ತನ್ನಿ. ವಾರಂಟಿ ಕೇಳಲು ಆ ಬಿಲ್ಲು ಬೇಕು. 2018ರ ಜುಲೈನಿಂದ ಬಣ್ಣದ ತೆರಿಗೆ ಶೇ 28ರಿಂದ 18ಕ್ಕೆ ಇಳಿದಿದೆ. ಡಬ್ಬಿಯೊಳಗಿನ ಬಹುಮಾನದ ಟೋಕನ್ ಪೈಂಟರಿಗೇ ಸೇರಲಿ. ಏಳು ವರ್ಷ, ಹತ್ತು ವರ್ಷ ಎಂಬ ವಾರಂಟಿಯ ಸಣ್ಣಕ್ಷರ ಓದಿದರೆ, ಸಾಮಾನ್ಯವಾಗಿ ಸಿಗುವುದು ಬದಲಿ ಬಣ್ಣ ಮಾತ್ರ, ಕೂಲಿಯಲ್ಲ. ಗೋಡೆಯೊಳಗಿನ ತೇವದಿಂದ ಕೆಟ್ಟರೆ ಅದೂ ಇಲ್ಲ. ಕೂಲಿಯಲ್ಲಿ ಚೌಕಾಸಿ ಮಾಡಿದರೆ ಬಣ್ಣಕ್ಕೆ ನೀರು ಹೆಚ್ಚು ಬೀಳುತ್ತದೆ. ಅಟ್ಟಣಿಗೆಯ ದುಡ್ಡಿನಲ್ಲಂತೂ ಚೌಕಾಸಿ ಕೂಡದು, ಅದರ ಮೇಲೆ ನಿಲ್ಲುವುದು ಒಬ್ಬರ ಜೀವ.

ಬಣ್ಣಕ್ಕೆ ಪರ್ಸನಲ್ ಲೋನ್ ಮಾಡಬೇಡಿ. 63,200 ರೂಪಾಯಿಯನ್ನು ಆರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 878 ರೂಪಾಯಿ. ದರ ಏರುವುದನ್ನೂ ಲೆಕ್ಕಕ್ಕೆ ಹಿಡಿದು ತಿಂಗಳಿಗೆ 1,000ದ ಆರ್‌ಡಿ ಮಾಡಿದರೆ ಮುಂದಿನ ಸಲದ ಚಿಂತೆ ಇಲ್ಲ. ಸ್ವಂತ ವಾಸದ ಮನೆಯ ದುರಸ್ತಿಗೆ ಗೃಹಸಾಲ ಪಡೆದವರಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 30,000 ರೂಪಾಯಿವರೆಗಿನ ಬಡ್ಡಿ ಕಳೆಯಲು ಅವಕಾಶವಿದೆ, ಹೊಸ ಪದ್ಧತಿಯಲ್ಲಿ ಇಲ್ಲ. ಬಾಡಿಗೆ ಮನೆಯಾದರೆ ಸ್ಥಳೀಯ ತೆರಿಗೆ ಕಳೆದ ಬಾಡಿಗೆಯಲ್ಲಿ ಶೇ 30ರ ಕಡಿತ ನೇರವಾಗಿ ಸಿಗುತ್ತದೆ. ಬಣ್ಣ ಬಳಿಸಿದರೂ ಬಳಿಸದಿದ್ದರೂ ಅದು ಅಷ್ಟೇ.

ನಾಲ್ಕು ಗೋಡೆಗಳು ಒಟ್ಟಿಗೆ ಹಳತಾಗುವುದಿಲ್ಲ ಎಂಬುದು ಇನ್ನೊಂದು ಉಳಿತಾಯ. ಬಡಗು ಗೋಡೆಯನ್ನು ಪ್ರತಿ ನವೆಂಬರ್‌ನಲ್ಲಿ ಪಾಚಿ ದ್ರಾವಣ ಹಾಕಿ ತೊಳೆಸಿದರೆ ಸಾಕು. ಪಡುಗೋಡೆಯನ್ನು ಮಾತ್ರ ನಾಲ್ಕನೆಯ ವರ್ಷ ಮೂಲೆಯಿಂದ ಮೂಲೆಗೆ ಪೂರ್ತಿ ಬಳಿಸುತ್ತೇವೆ, ಹಾಗೆ ಮಾಡಿದರೆ ಹೊಸ ಹಳೆಯ ಛಾಯೆಯ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಬಣ್ಣದ ಶೇಡ್ ನಂಬರ್ ಬರೆದಿಟ್ಟಿರಬೇಕು. ನಮ್ಮ ಮನೆಯಲ್ಲಿ ಆ ಗೋಡೆ 600 ಚದರ ಅಡಿ: ಹಿಂದಿನ ಸಲದ ದರದಲ್ಲಿ ಕೂಲಿ 8,400, ಹನ್ನೊಂದು ಲೀಟರ್ ಬಣ್ಣ 4,400, ತೊಳೆದು ಬಿರುಕು ತುಂಬಲು 3,000. ಬರುವ ಜನವರಿಗೆ ಈ 15,800 ರೂಪಾಯಿಯ ಕೆಲಸವನ್ನು ಪೈಂಟರಿಗೆ ಈಗಲೇ ಹೇಳಿಟ್ಟಿದ್ದೇವೆ.